ಆ ರ‍್ಯಾಮ್ ಆ ಬೋರ್ಡಿಗೆ ಕೂರುವುದಿಲ್ಲ

ಕಂಪ್ಯೂಟರ್ ಜೋಡಿಸುವ ಬಗೆಗಿನ ನಿಮ್ಮ ಲೇಖನದ ಬಿಡಿಭಾಗಗಳ ಪಟ್ಟಿಯಲ್ಲಿ ರೈಜನ್ 5 7600 ಪ್ರೊಸೆಸರ್ ಜೊತೆ ಡಿಡಿಆರ್4 ರ‍್ಯಾಮ್ ಬರೆದಿದ್ದೀರಿ, ಅದು ಆಗುವುದಿಲ್ಲ ಮಾರಾಯ್ರೆ. ಆ ಪ್ರೊಸೆಸರ್ ಕೂರುವ ಎಎಂ5 ಮದರ್‌ಬೋರ್ಡಿಗೆ ಡಿಡಿಆರ್5 ಮಾತ್ರ. ಎರಡರ ಕಚ್ಚು ಇರುವ ಜಾಗವೇ ಬೇರೆ, ಬಲವಂತವಾಗಿ ಒತ್ತಿದರೆ ಸ್ಲಾಟ್ ಹಾಳು. ಬಜೆಟ್ ಕಮ್ಮಿಯಿದ್ದರೆ ರೈಜನ್ 5 5600, ಬಿ550 ಬೋರ್ಡ್, ಡಿಡಿಆರ್4 ಸಾಕು. ಹಳೇ ಸ್ಟಾಕಿನ ಬಿ450 ಬೋರ್ಡ್ ಅಗ್ಗಕ್ಕೆ ಸಿಕ್ಕಿದರೆ ಅಂಗಡಿಯಲ್ಲೇ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಸಿ. ಇಲ್ಲದಿದ್ದರೆ ಬೋರ್ಡಿಗೆ 5600ರ ಗುರುತು ಸಿಗದೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ರ‍್ಯಾಮ್‌ಗಳನ್ನು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೇ ಸ್ಲಾಟಿಗೆ ಹಾಕಬೇಕು. 5600ರೊಳಗೆ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಲಿ. ಕಾರ್ಡಿನ ಉದ್ದ ಕ್ಯಾಬಿನೆಟ್ಟಿಗೆ ಹಿಡಿಸುತ್ತದೋ ನೋಡಿಕೊಳ್ಳಿ. ಇನ್ನು ನಮ್ಮ ಮಂಗಳೂರು-ಉಡುಪಿ ಕಡೆಯ ಸಿಡಿಲು ಗೊತ್ತಲ್ಲ, ಗುಡುಗು ಶುರುವಾದ ಕೂಡಲೇ ಪ್ಲಗ್ ಜೊತೆ ನೆಟ್ ಕೇಬಲನ್ನೂ ತೆಗೆದಿಡಿ.