ಮಾತಾಡದ ಬೆಲ್ಟು, ಬಾಯಿಬಡುಕ ಚೈನು

ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸಲು ಕೆಲವು ಬೈಕುಗಳಲ್ಲಿ ಚೈನಿನ ಬದಲು ಬೆಲ್ಟು ಇರುತ್ತದೆ. ಆ ಬೆಲ್ಟಿನಷ್ಟು ಸಂಭಾವಿತ ಸಾಮಾನು ಇನ್ನೊಂದಿಲ್ಲ. ಎಣ್ಣೆ ಕೇಳುವುದಿಲ್ಲ, ಸದ್ದು ಮಾಡುವುದಿಲ್ಲ, ಪ್ಯಾಂಟಿಗೆ ಮಸಿ ಬಳಿಯುವುದಿಲ್ಲ. ಒಂದು ದಿನ ಘಟ್ಟದ ನಡುವೆ ಪಟ್ಟಂತ ಹರಿದುಹೋಗುತ್ತದೆ. ಅದಕ್ಕೂ ಮುಂಚೆ ಒಂದು ಮಾತಾದರೂ ಹೇಳಬಾರದೇ? ಹೇಳುವುದಿಲ್ಲ, ಸಂಭಾವಿತರ ಕತೆಯೇ ಹಾಗೆ.

ಚೈನು ಹಾಗಲ್ಲ. ಸಡಿಲಾದರೆ ಕಟಕಟ ಎನ್ನುತ್ತದೆ, ಒಣಗಿದರೆ ಕಿರುಗುಟ್ಟುತ್ತದೆ, ಬಿಗಿಯಾದರೆ ನರಳುತ್ತದೆ. ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಕಂಪನಿಯ ಹಳೆಯ ಸ್ಪೋರ್ಟ್‌ಸ್ಟರ್ ಬೈಕು ಇಟ್ಟುಕೊಂಡವರಲ್ಲಿ ಕೆಲವರು ಸುಮ್ಮನಿರುವ ಬೆಲ್ಟು ಕಿತ್ತು ಈ ಬಾಯಿಬಡುಕನನ್ನು ಕರೆತರುವುದು ಸುಮ್ಮನೆ ಅಲ್ಲ. ಮಣ್ಣುರಸ್ತೆಯಲ್ಲಿ ಒಂದು ಚೂಪು ಜಲ್ಲಿ ಬೆಲ್ಟಿಗೂ ಅದು ಸುತ್ತುವ ಹಲ್ಲಿನ ಗಾಲಿಗೂ, ಅಂದರೆ ಪುಲ್ಲಿಗೂ, ನಡುವೆ ಸಿಕ್ಕಿದರೆ ಒಳಗಿನ ಎಳೆಗಳೇ ತುಂಡಾಗುತ್ತವೆ. ತೂತು ಬೆಲ್ಟಿನ ನಡುವೆ ಬಿದ್ದರೆ ಹೇಗೋ ಊರು ಸೇರಬಹುದು, ಅಂಚಿಗೆ ಬಿದ್ದರೆ ಬೆಲ್ಟನ್ನೇ ಬದಲಿಸಬೇಕು. ಇನ್ನು ಬೆಲ್ಟಿಗೆ ಕೊಂಡಿ ಇಲ್ಲ, ಅದು ಅಖಂಡ ಬಳೆ. ಹಾರ್ಲೆಯ ದೊಡ್ಡ ಮಾದರಿಗಳಲ್ಲಿ ಅದನ್ನು ಹಾಕಲು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಪ್ರೈಮರಿ ಬಿಚ್ಚಿ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮನ್ನೂ ಕಳಚಬೇಕು. ಚೈನಾದರೆ ರಸ್ತೆ ಬದಿಯಲ್ಲೇ ಜೋಡಿಸಬಹುದು.

ಹಾರ್ಲೆಯವರೇ ಈ ವಿಷಯದಲ್ಲಿ ತವರಿಗೂ ಗಂಡನ ಮನೆಗೂ ಓಡಾಡಿದವರು. ಮೊದಲ ವರ್ಷಗಳಲ್ಲಿ ಚರ್ಮದ ಚಪ್ಪಟೆ ಬೆಲ್ಟು, 1912ರಿಂದ ಚೈನು, 1980ರ ಸ್ಟರ್ಜಿಸ್ ಮಾದರಿಯಲ್ಲಿ ಹಲ್ಲಿನ ಬೆಲ್ಟು. ಸ್ಪೋರ್ಟ್‌ಸ್ಟರ್‌ಗೆ ಬೆಲ್ಟು ಬಂದದ್ದು 1991ರಲ್ಲಿ, ಐದು ಗೇರಿನ ಜೊತೆ. ನಮ್ಮಲ್ಲಿ ತಯಾರಾಗುತ್ತಿದ್ದ ಸ್ಟ್ರೀಟ್ 750ಕ್ಕೂ ಬೆಲ್ಟೇ ಇತ್ತು. 2023ರಲ್ಲಿ ಹೀರೋ ಜೊತೆಗೂಡಿ ತಂದ ಎಕ್ಸ್440ಗೆ ಮತ್ತೆ ಚೈನು. ಬೆಂಗಳೂರಿನ ರಸ್ತೆಯಲ್ಲಿ ಏಥರ್ ಸ್ಕೂಟರು ಬೆಲ್ಟಿನ ಮೇಲೆ ಓಡುತ್ತದೆ, ಓಲಾ ತನ್ನ ಮೂರನೇ ತಲೆಮಾರಿನ ಎಸ್1ಗೆ ಬೆಲ್ಟು ಬಿಟ್ಟು ಚೈನು ಹಾಕಿತು. ಈ ವ್ಯಾಜ್ಯ ಇನ್ನೂ ತೀರ್ಮಾನವಾಗಿಲ್ಲ.

ಈಗ ಸ್ಪೋರ್ಟ್‌ಸ್ಟರ್‌ನ ಬೆಲ್ಟು ತೆಗೆದು ಚೈನು ಹಾಕುವ ಕೆಲಸಕ್ಕೆ ಬರೋಣ. ಬೇಕಾದದ್ದು ಗೇರ್‌ಬಾಕ್ಸ್ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ), ಹಿಂದಿನ ಸ್ಪ್ರಾಕೆಟ್, ಅದಕ್ಕೆ ಹೊಸ ಬೋಲ್ಟುಗಳು, 530 ಅಳತೆಯ ಓ-ರಿಂಗ್ (ಕೊಂಡಿಗಳಲ್ಲಿ ರಬ್ಬರ್ ಉಂಗುರವಿರುವ) ಚೈನು, ಚೈನ್ ಗಾರ್ಡು. ಎಷ್ಟು ಹಲ್ಲು ಎಂಬುದನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ತೊಂಬತ್ತರ ದಶಕದ 883 ಸಿಸಿ ಸ್ಪೋರ್ಟ್‌ಸ್ಟರ್‌ನಲ್ಲಿ ಮುಂದಿನ ಪುಲ್ಲಿಗೆ 27, ಹಿಂದಿನದಕ್ಕೆ 61 ಹಲ್ಲು, ಅಂದರೆ ಅನುಪಾತ 2.26. ಚೈನಿನಲ್ಲಿ 21 ಮತ್ತು 48 ಹಾಕಿದರೆ 2.29, ಸವಾರನಿಗೆ ವ್ಯತ್ಯಾಸವೇ ಗೊತ್ತಾಗದು. 1200ರಲ್ಲಿ 29 ಮತ್ತು 61, ಅದಕ್ಕೆ ಸಮೀಪ 23 ಮತ್ತು 48. 'ಹೆದ್ದಾರಿಗೆ ಇರಲಿ' ಎಂದು 883ಕ್ಕೂ 23 ಹಾಕಿದರೆ ಏರಿನಲ್ಲಿ ಗಾಡಿ ಮುನಿಸಿಕೊಳ್ಳುತ್ತದೆ. ಸ್ಪೀಡೋಮೀಟರು ಗೇರ್‌ಬಾಕ್ಸಿನಿಂದ ವೇಗ ಓದುವ ಗಾಡಿಯಾಗಿದ್ದರೆ ಅದು ಸುಳ್ಳೂ ಹೇಳುತ್ತದೆ: 60 ತೋರಿಸುವಾಗ ನೀವು ಓಡಿಸುತ್ತಿರುವುದು 65.

ಹಿಂದಿನ ಸ್ಪ್ರಾಕೆಟ್ ಕೊಳ್ಳುವ ಮುಂಚೆ ಹಿಂದಿನ ಚಕ್ರದ ಹಬ್ಬಿನ ನಡುವಿನ ವ್ಯಾಸ ಅಳೆಯಿರಿ. 1999ರವರೆಗಿನ ಹಬ್ಬಿಗೂ 2000ದ ನಂತರದ್ದಕ್ಕೂ ಈ ಅಳತೆ ಬೇರೆ, ಐದು ಬೋಲ್ಟಿನ ತೂತು ನೋಡಿ ಮೋಸಹೋಗಬೇಡಿ.

ನಿಜವಾದ ಕಾಟ ಇರುವುದು ಮುಂದಿನ ಪುಲ್ಲಿಯ ನಟ್ಟಿನಲ್ಲಿ. ಸ್ಪೋರ್ಟ್‌ಸ್ಟರ್‌ನ ಬೆಲ್ಟು ಬಲಗಡೆ, ಸೈಲೆನ್ಸರೂ ಅಲ್ಲೇ. ಮೊದಲು ಅದನ್ನು ಸರಿಸಿ, ಆಮೇಲೆ ಸ್ಪ್ರಾಕೆಟ್ ಕವರು ತೆಗೆಯಿರಿ. ನಟ್ಟಿನ ಮೇಲೆ ಲಾಕ್ ಪ್ಲೇಟು, ಅದಕ್ಕೆ ಎರಡು ಪುಟ್ಟ ಸ್ಕ್ರೂ. ಅವನ್ನು ತೆಗೆದಾದ ಮೇಲೆ ನೆನಪಿಡಬೇಕಾದ್ದು ಒಂದೇ: ಈ ನಟ್ಟು ಉಲ್ಟಾ ಥ್ರೆಡ್ಡಿನದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಎಡಕ್ಕೆ ಪೈಪು ಹಾಕಿ ಜಗ್ಗಿದರೆ ಥ್ರೆಡ್ಡು ಹಾಳು, ಅದು ಹಾಳಾದರೆ ಗೇರ್‌ಬಾಕ್ಸೇ ಬಿಚ್ಚಬೇಕು. ಇನ್ನೊಂದು ಮಾತು: ಬೆಲ್ಟು ಇರುವಾಗಲೇ ಈ ನಟ್ಟು ಸಡಿಲಿಸಿ. ಗೇರು ಹಾಕಿ, ಒಬ್ಬರು ಹಿಂದಿನ ಬ್ರೇಕು ಒತ್ತಿ ಹಿಡಿದರೆ ಶಾಫ್ಟು ತಿರುಗುವುದಿಲ್ಲ. ಬೆಲ್ಟು ಕಳಚಿದ ಮೇಲೆ ಬ್ರೇಕು ಹಿಡಿದು ಏನು ಬಂತು?

ಕಳಚಿದ ಬೆಲ್ಟು ಚೆನ್ನಾಗಿದ್ದರೆ ಮಡಚಿ ಅಟ್ಟಕ್ಕೆ ಎಸೆಯಬೇಡಿ. ಮಡಿಕೆ ಬಿದ್ದ ಕಡೆ ಎಳೆ ಮುರಿಯುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ದೊಡ್ಡ ಸುತ್ತಾಗಿಯೇ ಇಡಿ.

ಬೆಲ್ಟಿಗಿಂತ ಚೈನು ಕಿರಿದು, ಹಾಗಾಗಿ ಎರಡು ಸ್ಪ್ರಾಕೆಟ್ಟೂ ಒಂದೇ ಗೆರೆಯಲ್ಲಿ ಬರುತ್ತವೆ ಎಂದು ನಂಬಬಾರದು. ಉದ್ದನೆಯ ನೇರ ಪಟ್ಟಿ ಹಿಡಿದು ನೋಡಿ, ಬೇಕಾದರೆ ಸ್ಪೇಸರು ಹಾಕಿ. ಸ್ವಿಂಗ್‌ಆರ್ಮಿನ ಮೇಲೆ ಕೊರೆದಿರುವ ಗುರುತುಗಳನ್ನು ಪಂಚಾಂಗದಂತೆ ನಂಬುವವರಿದ್ದಾರೆ. ಅದಕ್ಕಿಂತ ಸ್ವಿಂಗ್‌ಆರ್ಮು ತಿರುಗುವ ಪಿವಟ್ಟಿನ ನಡುವಿನಿಂದ ಹಿಂದಿನ ಚಕ್ರದ ಆಕ್ಸಲ್ಲಿನ ನಡುವಿಗೆ ಎರಡೂ ಕಡೆ ಅಳೆದು ಸಮ ಮಾಡುವುದು ಮೇಲು. ಚೈನು ಟೈರಿಗೆ, ಫ್ರೇಮಿಗೆ ತಾಗದೆಂದು ಚಕ್ರ ಕೈಯಲ್ಲೇ ತಿರುಗಿಸಿ ನೋಡಿ. ಓರೆಯಾಗಿದ್ದರೆ ಸಾವಿರ ಕಿಲೋಮೀಟರಿನೊಳಗೆ ಹಲ್ಲುಗಳ ಒಂದೇ ಬದಿ ಕನ್ನಡಿಯಂತೆ ಹೊಳೆಯುತ್ತದೆ. ಆ ಹೊಳಪು ಕಂಡು ಖುಷಿಪಡಬೇಡಿ.

ಚೈನಿನ ಉದ್ದಕ್ಕೆ ಆಕ್ಸಲನ್ನು ಸ್ಲಾಟಿನ ಮುಂಭಾಗದಲ್ಲಿ ನಿಲ್ಲಿಸಿ ಸುತ್ತಿ ನೋಡಿ, ಹಿಗ್ಗಿದಾಗ ಹಿಂದಕ್ಕೆಳೆಯಲು ಜಾಗ ಉಳಿಯಬೇಕು. ಕೊಂಡಿಗಳು ಸಮಸಂಖ್ಯೆಯಲ್ಲಿರಲಿ. ಜೋಡಣೆಗೆ ರಿವೆಟ್ ಕೊಂಡಿಯೇ ಒಳ್ಳೆಯದು. ಕ್ಲಿಪ್ ಹಾಕಲೇಬೇಕಾದರೆ ಅದರ ಬಾಯಿ ಚೈನು ಓಡುವ ದಿಕ್ಕಿಗೆ ಬೆನ್ನು ಮಾಡಿರಬೇಕು.

ಸಡಿಲ ಹೊಂದಿಸುವಾಗಲೇ ಎಲ್ಲರೂ ಎಡವುವುದು. ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಬೆಲ್ಟಿನ ಅಭ್ಯಾಸದಲ್ಲಿ ತಂಬೂರಿ ತಂತಿಯಂತೆ ಬಿಗಿದುಬಿಡುತ್ತಾರೆ. ಚೈನಿಗೆ ಅತಿ ಬಿಗಿ ಬರುವುದು ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ. ಎರಡೂ ಶಾಕ್‌ಗಳ ಕೆಳಗಿನ ಬೋಲ್ಟು ಬಿಚ್ಚಿ ಚಕ್ರವನ್ನು ಆ ಗೆರೆಗೆ ಎತ್ತಿ ಹಿಡಿಯಿರಿ, ಅಲ್ಲಿ ಸ್ವಲ್ಪವಾದರೂ ಸಡಿಲ ಉಳಿಯಲಿ. ಶಾಕ್ ಮತ್ತೆ ಹಾಕಿದ ಮೇಲೆ ಚೈನಿನ ಕೆಳಗಿನ ಸಾಲನ್ನು ಬೆರಳಲ್ಲಿ ಎತ್ತಿ ಎಷ್ಟು ಮಿಲಿಮೀಟರ್ ಆಡುತ್ತದೆಂದು ಬರೆದಿಡಿ. ಆ ಗಾಡಿಯ ಅಳತೆ ಅದೇ. ಬಿಗಿದುಬಿಟ್ಟರೆ ಗುಂಡಿ ಇಳಿದಾಗಲೆಲ್ಲ ಗೇರ್‌ಬಾಕ್ಸಿನ ಬೇರಿಂಗು ಪೆಟ್ಟು ತಿನ್ನುತ್ತದೆ.

ಹೊಸ ಚೈನು ಮೊದಲ ಐನೂರು ಕಿಲೋಮೀಟರಿನಲ್ಲಿ ಸ್ವಲ್ಪ ಜಗ್ಗುತ್ತದೆ, ಗಾಬರಿ ಬೇಡ. ಮುಂದೆ ಸವೆತ ನೋಡಲು 20 ಕೊಂಡಿಗಳ ಉದ್ದ ಅಳೆಯಿರಿ. ಹೊಸದಿದ್ದಾಗ 317.5 ಮಿಲಿಮೀಟರ್, 323 ದಾಟಿದರೆ ಸ್ಪ್ರಾಕೆಟ್ ಸಮೇತ ಬದಲಿಸಿ. ಹಳೆ ಹಲ್ಲಿಗೆ ಹೊಸ ಚೈನು ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ.

ಶುಚಿಗೆ ಸೀಮೆಎಣ್ಣೆ ಸಾಕು. ಪೆಟ್ರೋಲು ಓ-ರಿಂಗಿನ ರಬ್ಬರನ್ನು ಕೆಡಿಸುತ್ತದೆ. ಆಮೇಲೆ ಲೂಬು ಅಥವಾ ಗೇರ್ ಆಯಿಲ್, ಓಡಿಸಿ ಬಂದು ಚೈನು ಬೆಚ್ಚಗಿರುವಾಗ, ಒಳಗಡೆಗೆ, ಮಿತವಾಗಿ. ರಾತ್ರಿ ಹಚ್ಚಿ ಕೆಳಗೊಂದು ಹಳೆ ಪೇಪರು ಹಾಸಿಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಹೆಚ್ಚಾದದ್ದು ಪೇಪರಿನ ಮೇಲಿರುತ್ತದೆ. ಹೊರಡುವ ಹೊತ್ತಿಗೆ ಹಚ್ಚಿದರೆ ರಿಮ್ಮಿನ ಮೇಲೆ, ಹಿಂದೆ ಕೂತವರ ಬಿಳಿ ಪಂಚೆಯ ಮೇಲೆ.