ಆಟೋಫೇಜಿಗೆ ತಡೆ ಹಾಕಿದರೆ ಕ್ಯಾನ್ಸರ್ ಬಗ್ಗುತ್ತದೆಯೇ?

ಪರ: ಅದರ ಊಟ ಕಿತ್ತುಕೊಳ್ಳಿ

ಗಡ್ಡೆಯ ಒಳಗೆ ಬದುಕುವುದು ಸುಲಭವಿಲ್ಲ. ಕೋಶಗಳು ಭರಭರನೆ ಹೆಚ್ಚುತ್ತವೆ, ರಕ್ತನಾಳಗಳು ಆ ವೇಗಕ್ಕೆ ಬೆಳೆಯುವುದಿಲ್ಲ. ನಡುವೆ ಸಿಕ್ಕಿಬಿದ್ದ ಕೋಶಗಳಿಗೆ ಆಮ್ಲಜನಕವೂ ಸಾಲದು, ಸಕ್ಕರೆಯೂ ಸಾಲದು. ಆದರೂ ಎಷ್ಟೋ ಕೋಶಗಳು ಸಾಯುವುದಿಲ್ಲ. ತಮ್ಮನ್ನೇ ತಾವು ತಿಂದುಕೊಂಡು ದಿನ ದೂಡುತ್ತವೆ.

1963ರಲ್ಲಿ ಕೋಶ ವಿಜ್ಞಾನಿ ಕ್ರಿಶ್ಚಿಯನ್ ಡಿ ಡ್ಯೂವ್ ಇದಕ್ಕೆ ಆಟೋಫೇಜಿ ಎಂದು ಹೆಸರಿಟ್ಟರು. ಕೋಶದೊಳಗೆ ತೆಳುವಾದ ಪೊರೆಯೊಂದು ಬಟ್ಟಲಿನ ಹಾಗೆ ಬಾಗುತ್ತದೆ. ಕೆಟ್ಟುಹೋದ ಮೈಟೋಕಾಂಡ್ರಿಯಾ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ), ಮುದ್ದೆಗಟ್ಟಿದ ಪ್ರೋಟೀನು ಇಂಥದ್ದನ್ನು ಒಳಗೆ ಎಳೆದುಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ಆ ಚೀಲ ಹೋಗಿ ಕೋಶದ ಹೊಟ್ಟೆಯಂತಿರುವ ಲೈಸೋಸೋಮ್ ಜೊತೆ ಬೆರೆತರೆ ಮುಗಿಯಿತು, ಅಲ್ಲಿನ ಕಿಣ್ವಗಳು ಎಲ್ಲವನ್ನೂ ಕರಗಿಸುತ್ತವೆ. ಉಳಿಯುವುದು ಅಮೈನೋ ಆಮ್ಲದಂಥ ಕಚ್ಚಾ ಸರಕು. ಕೋಶಕ್ಕೆ ಅದೇ ಊಟ.

2016ರಲ್ಲಿ ಆಟೋಫೇಜಿಯ ಸಂಶೋಧನೆಗಾಗಿ ಯೋಶಿನೋರಿ ಓಸುಮಿ ಅವರಿಗೆ ನೊಬೆಲ್ ಬಂದ ಮೇಲೆ 'ಆಟೋಫೇಜಿ ಜಾಸ್ತಿ ಮಾಡಿಕೊಳ್ಳಿ' ಎನ್ನುವ ಸಲಹೆ ಎಲ್ಲೆಲ್ಲೂ ಕೇಳುತ್ತದೆ. ಕ್ಯಾನ್ಸರ್ ಕೋಶ ಮಾಡುತ್ತಿರುವುದೂ ಅದನ್ನೇ ಅಲ್ವಾ?

ಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ರಾಸ್ ಜೀನ್ ಕೆಟ್ಟ ಗಡ್ಡೆಗಳಿಗಂತೂ ಇದು ಜೀವದ ಪ್ರಶ್ನೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೋಶಗಳಲ್ಲಿ, ಹೊರಗೆ ಆಹಾರ ಧಾರಾಳವಾಗಿದ್ದಾಗಲೂ, ಆಟೋಫೇಜಿ ಜೋರಾಗಿಯೇ ನಡೆದಿರುತ್ತದೆ. ಶ್ವಾಸಕೋಶದ ಗಡ್ಡೆಯಿದ್ದ ಇಲಿಗಳಲ್ಲಿ ಇದಕ್ಕೆ ಬೇಕಾದ ಎಟಿಜಿ7 ಜೀನ್ ತೆಗೆದು ನೋಡಿದರು. ಗಡ್ಡೆಯ ತುಂಬ ಕೆಟ್ಟ ಮೈಟೋಕಾಂಡ್ರಿಯಾ ರಾಶಿಬಿತ್ತು, ಗಡ್ಡೆಯ ಸೊಕ್ಕು ಇಳಿಯಿತು. ಕೀಮೋ ಏಟು ತಿಂದ ಕೋಶ ಸುಧಾರಿಸಿಕೊಳ್ಳುವುದಕ್ಕೂ ಇದೇ ದಾರಿ ಹಿಡಿಯುತ್ತದೆ. ತಡೆಯಲು ಹೊಸ ಮದ್ದಿಗೆ ಕಾಯಬೇಕಾಗಿಯೂ ಇಲ್ಲ. ಮಲೇರಿಯಾಕ್ಕೆ ಕೊಡುತ್ತ ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಲೈಸೋಸೋಮಿನ ಹುಳಿಯನ್ನೇ ತಗ್ಗಿಸುತ್ತದೆ; ಹುಳಿಯಿಲ್ಲದೆ ಅಲ್ಲಿನ ಕಿಣ್ವಗಳು ಸರಿಯಾಗಿ ಕೆಲಸ ಮಾಡವು.

ವಿರೋಧ: ನೆಗಡಿ ಬಂತೆಂದು ಮೂಗು ಕೊಯ್ಯಬೇಡಿ

ಮೊದಲ ಪಕ್ಷ ಕಥೆಯನ್ನು ಅರ್ಧದಿಂದ ಶುರುಮಾಡಿದೆ. ಗಡ್ಡೆ ಹುಟ್ಟುವುದಕ್ಕೆ ಮುಂಚೆ ಏನಿತ್ತು? ಅದೇ ಕೆಟ್ಟ ಮೈಟೋಕಾಂಡ್ರಿಯಾ ಕೋಶದಲ್ಲೇ ಉಳಿದರೆ ಡಿಎನ್‌ಎಗೆ ಪೆಟ್ಟು ಕೊಡುವ ಅಣುಗಳನ್ನು ಉಗುಳುತ್ತದೆ. ಅದನ್ನು ಗುಡಿಸಿ ಹಾಕುವುದು ಇದೇ ಆಟೋಫೇಜಿ.

1999ರಲ್ಲಿ ಸಂಶೋಧಕಿ ಬೆತ್ ಲೆವಿನ್ ಅವರ ತಂಡ ಆಟೋಫೇಜಿಗೆ ಬೇಕಾದ ಬೆಕ್ಲಿನ್ 1 ಎಂಬ ಜೀನನ್ನು ಸ್ತನ ಕ್ಯಾನ್ಸರ್ ಕೋಶಗಳಿಗೆ ಸೇರಿಸಿತು. ಆಟೋಫೇಜಿ ಏರಿತು, ಕೋಶಗಳ ಬೆಳವಣಿಗೆ ಇಳಿಯಿತು. 2003ರಲ್ಲಿ ಈ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನು ಕಳೆದುಕೊಂಡ ಇಲಿಗಳಿಗೆ ತಾವಾಗಿಯೇ ಗಡ್ಡೆಗಳು ಹುಟ್ಟಿದವು. 2011ರಲ್ಲಿ, ಆಟೋಫೇಜಿ ಕೆಡಿಸಿದ ಇಲಿಗಳ ಯಕೃತ್ತಿನಲ್ಲಿ ಗಡ್ಡೆಗಳು ಕಂಡವು. ಅವು ಹರಡುವ ಜಾತಿಯವಾಗಿರಲಿಲ್ಲ, ಒಪ್ಪೋಣ. ಮನುಷ್ಯರಲ್ಲಿ ಬೆಕ್ಲಿನ್ 1 ಇರುವುದು ಸ್ತನ ಕ್ಯಾನ್ಸರಿಗೆ ತಡೆಯಾಗಿರುವ ಬಿಆರ್‌ಸಿಎ1 ಜೀನಿನ ಪಕ್ಕದಲ್ಲೇ, ಹಾಗಾಗಿ ಒಂದು ಹೋದಾಗ ಇನ್ನೊಂದೂ ಹೋಗಿರಬಹುದು, ತಪ್ಪು ಬೆಕ್ಲಿನ್ 1ರದ್ದೇ ಅಲ್ಲದಿರಬಹುದು ಎನ್ನುವ ತಕರಾರೂ ಇದೆ. ಅದೂ ನ್ಯಾಯವೇ. ಆದರೆ 2013ರ ಪ್ರಯೋಗವನ್ನು ತಳ್ಳಿಹಾಕುವುದು ಕಷ್ಟ. ರಾಸ್ ಕೆಟ್ಟು, ಗಡ್ಡೆ ಬೆಳೆಯದಂತೆ ಕಾಯುವ ಪಿ53 ಜೀನ್ ಪೂರ್ತಿ ಇಲ್ಲದ ಇಲಿಗಳ ಮೇದೋಜೀರಕ ಗ್ರಂಥಿಯಲ್ಲಿ ಆಟೋಫೇಜಿ ನಿಲ್ಲಿಸಿದರೆ ಗಡ್ಡೆ ಇನ್ನೂ ಬೇಗ ಬೆಳೆಯಿತು. ಊಟ ಕಿತ್ತುಕೊಂಡವರಿಗೆ ಸಿಕ್ಕ ಉತ್ತರ ಇದು!

ಇನ್ನು ಮಾತ್ರೆ. ನುಂಗಿದ ಮದ್ದು ಗಡ್ಡೆಯನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ನರಕೋಶಗಳಿಗೆ ಆಟೋಫೇಜಿ ಬೇಕು. ಕ್ಯಾನ್ಸರ್ ವಿರುದ್ಧ ಹೋರಾಡುವ ಟಿ ಕೋಶಗಳಿಗೂ, ಕಂಡ ಶತ್ರುವನ್ನು ನೆನಪಿಟ್ಟುಕೊಂಡು ಬಾಳಲು, ಇದೇ ಬೇಕು. ಡೋಸ್ ಏರಿಸುತ್ತ ಹೋದರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕಣ್ಣಿನ ರೆಟಿನಾಕ್ಕೂ ಕುತ್ತು ತರಬಹುದು.

ಮನುಷ್ಯರಲ್ಲಿ ನೋಡಿದ್ದೂ ಆಗಿದೆ. 2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಮುಂದುವರಿದ ಮೇದೋಜೀರಕ ಗ್ರಂಥಿ ಕ್ಯಾನ್ಸರ್ ಇದ್ದ 112 ಜನ ಇದ್ದರು. ಕೆಲವರಿಗೆ ಬರೀ ಕೀಮೋ, ಉಳಿದವರಿಗೆ ಕೀಮೋ ಜೊತೆ ಹೈಡ್ರಾಕ್ಸಿಕ್ಲೋರೋಕ್ವಿನ್. ಒಂದು ವರ್ಷ ಬದುಕಿದ್ದವರು ಬರೀ ಕೀಮೋ ಗುಂಪಿನಲ್ಲಿ ಶೇ. 49, ಮಾತ್ರೆಯೂ ಸೇರಿದ ಗುಂಪಿನಲ್ಲಿ ಶೇ. 41. ಗಡ್ಡೆ ಕುಗ್ಗಿದ ಲೆಕ್ಕದಲ್ಲಿ ಮಾತ್ರ ಮಾತ್ರೆ ಮುಂದಿತ್ತು: ಶೇ. 21ರ ಎದುರು ಶೇ. 38.