ಜಿಲ್ಲೆ ಗಡಿ ದಾಟಿದರೆ ಹೃದಯಕ್ಕೆ ಭಯವಿಲ್ಲ

‘ಹಾಸನದಲ್ಲಿ ಹೃದಯಾಘಾತಕ್ಕೆ ಮತ್ತೊಂದು ಬಲಿ.’ 2025ರ ಜೂನ್‌ನಲ್ಲಿ ಈ ಸಾಲನ್ನು ದಿನಾ ನೋಡಿಯೂ ಬದುಕಿದ ಹಾಸನದವರ ಹೃದಯ ಗಟ್ಟಿಯೇ ಇರಬೇಕು. ಮೊನ್ನೆ ಟಿವಿಯಲ್ಲಿ ಅದೇ ಸಾಲು ಮತ್ತೆ ಓಡಿತು. ಅದೇ ಕೆಂಪು ಪಟ್ಟಿ, ಅದೇ ಡಬ್ ಡಬ್ ಸದ್ದು. ಸಾವುಗಳ ತನಿಖೆಗೆ ಸರ್ಕಾರದ ಸಮಿತಿ ಬಂತು, ವರದಿ ಬಂತು, ಎಲ್ಲ ಮರೆತೂ ಹೋಯಿತು. ಗ್ರಾಫಿಕ್ಸ್ ಮಾತ್ರ ಕಂಪ್ಯೂಟರಿನಲ್ಲಿ ಭದ್ರವಾಗಿ ಉಳಿದಿದೆ.

ಚಾನೆಲ್‌ನವರ ಶ್ರಮ ಮೆಚ್ಚಬೇಕು. ಹಾಸನದಲ್ಲಿ ಸತ್ತರೆ ಹಾಸನದ ಲೆಕ್ಕ. ಬೆಂಗಳೂರಿನಲ್ಲಿ ಸತ್ತರೆ ‘ಹಾಸನ ಮೂಲದ’ ಅಂತ ಸೇರಿಸಿ ಅದೂ ಹಾಸನದ ಲೆಕ್ಕ. ಮತದಾರರ ಪಟ್ಟಿಗೂ ಇಷ್ಟು ನಿಷ್ಠೆಯಿಂದ ಹೆಸರು ಸೇರಿಸಿದ್ದನ್ನು ನಾನು ಕಂಡಿಲ್ಲ. ಬಾಣಾವರದಲ್ಲಿ ಎದೆ ಹಿಡಿದು ಕೂತರೆ ಬ್ರೇಕಿಂಗ್ ನ್ಯೂಸ್. ಅದೇ ಮನುಷ್ಯ ಬಸ್ ಹತ್ತಿ ಕಡೂರಿಗೆ ಹೋಗಿ ಕೂತರೆ ಅದು ಚಿಕ್ಕಮಗಳೂರು ಜಿಲ್ಲೆ, ಸುದ್ದಿಯೇ ಇಲ್ಲ. ಎರಡೂ ಕಡೆ ಅದೇ ರಾಗಿ ಮುದ್ದೆ, ಅದೇ ತೆಂಗು, ಅದೇ ಬೀಡಿ. ಕಂದಾಯ ಇಲಾಖೆ ಎಳೆದ ಗೆರೆಗೆ ರಕ್ತನಾಳಗಳು ಇಷ್ಟು ಮರ್ಯಾದೆ ಕೊಡುತ್ತವೆ ಅಂತ ಯಾರಿಗೆ ಗೊತ್ತಿತ್ತು?

ಜಾಗ ನೋಡಿ ಲೆಕ್ಕ ಹಾಕುವ ಸಂಖ್ಯಾಶಾಸ್ತ್ರ ಅಂತ ಒಂದಿದೆ. ವಾಲ್ಡೊ ಟೋಬ್ಲರ್ ಎಂಬ ಭೂಗೋಳ ಪಂಡಿತರು 1970ರಲ್ಲಿ ಹೇಳಿದ ಭೂಗೋಳದ ಮೊದಲ ನಿಯಮವೇ ಅದರ ಬುಡ. ಎಲ್ಲಕ್ಕೂ ಎಲ್ಲದರ ಜೊತೆ ನಂಟಿದೆ, ಹತ್ತಿರದ್ದಕ್ಕೆ ನಂಟು ಜಾಸ್ತಿ. ಆ ಪ್ರಕಾರ ಬಾಣಾವರಕ್ಕೆ ಕಡೂರು ನೆಂಟ. ಚಾನೆಲ್ ಪ್ರಕಾರ ಜಿಲ್ಲೆಯ ಆ ತುದಿಯ ಸಕಲೇಶಪುರ ನೆಂಟ.

ಈ ವಿದ್ಯೆಯ ಹಿರಿಯ ಡಾಕ್ಟರು ಜಾನ್ ಸ್ನೋ. 1854, ಲಂಡನ್ನಿನ ಸೋಹೊ, ಕಾಲರಾ. ಸಾವುಗಳನ್ನು ನಕ್ಷೆಯಲ್ಲಿ ಮನೆ ಮನೆಗೂ ಗುರುತು ಹಾಕಿದಾಗ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುರುತುಗಳು ಒತ್ತಾದವು. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಇಷ್ಟ ಇದರ ಮುಂದಿನ ಭಾಗ. ಆತ ಸಾಯದವರನ್ನೂ ಹುಡುಕಿಕೊಂಡು ಹೋದ. ಅದೇ ಬೀದಿಯಲ್ಲಿ ಒಂದು ಬಿಯರ್ ಕಾರ್ಖಾನೆ. 70ಕ್ಕೂ ಹೆಚ್ಚು ಕೆಲಸಗಾರರು, ಒಬ್ಬರೂ ಕಾಲರಾಕ್ಕೆ ಸತ್ತಿಲ್ಲ. ವಿಚಾರಿಸಿದರೆ ಅವರಿಗೆ ಬಿಯರ್ ಪುಕ್ಕಟೆ, ಪಂಪಿನ ನೀರು ಮುಟ್ಟುವುದೇ ಇಲ್ಲ ಅಂದ ಮಾಲೀಕ. ಪಂಪಿನ ಹಿಡಿಯನ್ನೂ ಕಿತ್ತರು.

ಇದೇ ಇವತ್ತು ನಮ್ಮಲ್ಲಿ ಆಗಿದ್ದರೆ? ರಾತ್ರಿ ಒಂಬತ್ತಕ್ಕೆ ಚರ್ಚೆ: ‘ಬಿಯರ್ ಕುಡಿದರೆ ಕಾಲರಾ ಮಾಯ?’ ಒಬ್ಬ ಜ್ಯೋತಿಷಿ, ಇಬ್ಬರು ಪಕ್ಷದ ವಕ್ತಾರರು, ನಡುವೆ ಬಾಯಿ ಬಿಡಲು ಸಂದು ಸಿಗದ ಒಬ್ಬ ಡಾಕ್ಟರು. ಪಂಪಿನ ವಿಷಯ ಜಾಹೀರಾತಿನ ನಂತರ. ಅಬಕಾರಿ ಇಲಾಖೆಗೆ ಮಾತ್ರ ಹಬ್ಬ. ನಮ್ಮಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ ಅಲ್ವಾ? ಮುಖ್ಯಮಂತ್ರಿಗಳು ಕೋವಿಡ್ ಲಸಿಕೆಯ ಮೇಲೆ ಅನುಮಾನಪಟ್ಟರು, ಕೇಂದ್ರದವರು ಸಂಬಂಧವೇ ಇಲ್ಲ ಅಂದರು, ಜಗಳ ಲಸಿಕೆಯ ಕಡೆ ತಿರುಗಿತು. ಜನ ಹೆದರಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲು ನಿಂತರು.

ಸಾಯದವರ ಲೆಕ್ಕ ಯಾರೂ ಕೇಳಲಿಲ್ಲ. ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಇದು 2011ರದ್ದು. ಮುಂದಿನ ಜನಗಣತಿ 2027ಕ್ಕೆ ಅಂದಿದ್ದಾರೆ, ಅಲ್ಲಿವರೆಗೆ ಹಾಸನದಲ್ಲಿ ಯಾರೂ ಹುಟ್ಟಿಲ್ಲ ಅಂತಲೇ ಇಟ್ಟುಕೊಳ್ಳೋಣ. ವರ್ಷಕ್ಕೆ ಸಾವಿರ ಜನಕ್ಕೆ ಆರು ಸಾವು ಅಂತ ಹಿಡಿದರೂ ನಲವತ್ತು ದಿನಕ್ಕೆ ಸುಮಾರು 1,170 ಸಾವು. ದೇಶದಲ್ಲಿ ನಾಲ್ಕರಲ್ಲಿ ಒಂದು ಸಾವಾದರೂ ಹೃದಯ, ರಕ್ತನಾಳದ ಕಾಯಿಲೆಯಿಂದ. ಅಂದರೆ 290ರ ಆಸುಪಾಸು. ಅಷ್ಟೇ ದಿನದಲ್ಲಿ ಟಿವಿ ಎಣಿಸಿದ್ದು ಇಪ್ಪತ್ತು ಚಿಲ್ಲರೆ. ಉಳಿದವರು ಕ್ಯಾಮೆರಾ ಇಲ್ಲದ ಕಡೆ ಸತ್ತು ತಪ್ಪು ಮಾಡಿದರು.

ಚಿಕ್ಕ ವಯಸ್ಸಿನವರು ಸತ್ತರಲ್ಲ ಅಂತೀರಾ? ಸರಿ, ಕೇಳಬೇಕಾದದ್ದೇ ಅದು. ಉತ್ತರ ಬೇಕಾದರೆ ಅದರ ಹಿಂದಿನ ವರ್ಷ ಅದೇ ತಿಂಗಳು ಇಲ್ಲಿ ಎಷ್ಟು ಜನ, ಪಕ್ಕದ ತುಮಕೂರು, ಮಂಡ್ಯದಲ್ಲಿ ಎಷ್ಟು ಜನ, ಯಾವ ವಯಸ್ಸು, ಯಾವ ಊರು ಅಂತ ಗೊತ್ತಿರಬೇಕು. ಎಲ್ಲಿಂದ ತರುತ್ತೀರಿ? 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ 22.5ಕ್ಕೆ ಮಾತ್ರ. ಉಳಿದವರು ಸುಮ್ನೆ ಸತ್ತರು, ಅಷ್ಟೇ. ಕಾಫಿ ತೋಟದ ಲೈನ್ ಮನೆಯಲ್ಲಿ ನಲವತ್ತರ ಹೆಂಗಸು ರಾತ್ರಿ ಎದೆನೋವು ಅಂತ ಮಲಗಿ ಬೆಳಿಗ್ಗೆ ಏಳದಿದ್ದರೆ ಪೋಸ್ಟ್‌ಮಾರ್ಟಂ ಯಾರು ಮಾಡಿಸುತ್ತಾರೆ? ಮಣ್ಣು ಮಾಡಿ, ಮಾರನೇ ದಿನ ಕೆಲಸಕ್ಕೆ ಹೋಗುತ್ತಾರೆ. ಮನುಷ್ಯ ಯಾಕೆ ಸತ್ತ ಅಂತ ಒಂದು ಸಾಲು ಬರೆದಿಡಲು ಆಗದವರು ಟಿವಿಯಲ್ಲಿ ಕೂತು ಸಾವಿನ ರಹಸ್ಯ ಬಿಡಿಸುತ್ತಾರೆ. ನಾಚಿಕೆ ಬೇಡವಾ?

ಸಮಿತಿ 24 ಸಾವುಗಳನ್ನು ನೋಡಿತು. ನಾಲ್ಕಕ್ಕೆ ಹೃದಯ ಕಾರಣವೇ ಅಲ್ಲ, ಅಸಹಜ ಏರಿಕೆಯೂ ಇಲ್ಲ ಅಂದಿತು. ‘ಏನೂ ಜಾಸ್ತಿಯಾಗಿಲ್ಲ’ ಅನ್ನುವುದಕ್ಕೆ ಯಾವ ಚಾನೆಲ್ ಡಬ್ ಡಬ್ ಸದ್ದು ಹಾಕುತ್ತದೆ? ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರು ಎದ್ದು ಕಂಡರು ಅನ್ನುವ ಮಾತೂ ಬಂತು. ಹಿಡಿಯಬೇಕಾದ ಎಳೆ ಅದಾಗಿತ್ತು. ಆದರೆ ಡ್ರೈವರ್ ಇಡೀ ದಿನ ಸ್ಟೇರಿಂಗ್ ಹಿಂದೆ ಕೂತು, ಹೊತ್ತಿಲ್ಲದ ಹೊತ್ತಿಗೆ ಉಂಡು, ಸಾಲದ ಕಂತಿಗೆ ಹೆದರಿ ಬಿಪಿ ನೋಡಿಸುವುದನ್ನು ಮುಂದಿನ ತಿಂಗಳಿಗೆ ಹಾಕುವುದು ಬೆಂಗಳೂರಿನಲ್ಲೂ ನಡೆಯುತ್ತದೆ, ಬೀದರಿನಲ್ಲೂ ನಡೆಯುತ್ತದೆ. ಅದಕ್ಕೆ ಯಾವ ಜಿಲ್ಲೆಯ ನಕ್ಷೆಯನ್ನು ಕೆಂಪು ಮಾಡಿ ತೋರಿಸುತ್ತೀರಿ?